ಕೊಟ್ಟಿಗೆಯ ಬಾಗಿಲಲ್ಲಿ ಉಳಿದ ಕೆಂಪು

೨೦೨೩ರ ಬೇಸಿಗೆ. ಆಗ ನಾನು ಸಿಂದಗಿಯಲ್ಲಿ ಬೋರ್ಡು ಬರೆಯುವ ಅಂಗಡಿ ಮುಚ್ಚಿ, ಅದೇ ಜಾಗದಲ್ಲಿ ಮನೆಯ ಹಾಲ್‌ನಲ್ಲಿ ತೂಗುಹಾಕುವ ಚಿತ್ರಗಳನ್ನು ಬರೆದುಕೊಡುವ ಕೆಲಸಕ್ಕೆ ಇಳಿದಿದ್ದೆ. ಹೆಸರು ದಸ್ತಗೀರ. ಪೇಂಟರ್ ದಸ್ತಗೀರ ಅಂದರೆ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಯಾರಾದರೂ ದಾರಿ ತೋರಿಸುತ್ತಾರೆ. ಲಾರಿಯ ಹಿಂಬದಿ, ಗೊಬ್ಬರದ ಜಾಹೀರಾತು, ಶಾಲೆಯ ಗೋಡೆಯ ನಕಾಶೆ ಎಲ್ಲ ಬರೆದವನು ನಾನು. ಫ್ಲೆಕ್ಸ್ ಮಷೀನು ಬಂದ ಮೇಲೆ ಕೈಬರಹಕ್ಕೆ ಗಿರಾಕಿ ಇಲ್ಲವಾಯಿತು. ಆದರೆ ಹೊಸ ಮನೆ ಕಟ್ಟಿಸಿದವರ ಗೋಡೆ ಖಾಲಿ ಇರುತ್ತದೆ, ಖಾಲಿ ಗೋಡೆ ನೋಡಿ ಮನೆಯವರಿಗೆ ಸಮಾಧಾನ ಇರುವುದಿಲ್ಲ. ಆ ಅಸಮಾಧಾನದ ಮೇಲೆ ನನ್ನ ಸಂಸಾರ ನಡೆಯಿತು. ಈ ಕಸುಬಿಗೆ ಬರುವ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ: ಗೋಡೆ ನೋಡದೆ ರೇಟು ಹೇಳಬೇಡಿ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯದೆ ಬ್ರಶ್ ಹಿಡಿಯಬೇಡಿ.

ನಾವು ನಾಲ್ಕು ಜನ ಪೇಂಟರುಗಳದ್ದು ಒಂದು ಗುಂಪು ಇತ್ತು, ಈಗಲೂ ಇದೆ. ಇಂಡಿಯಿಂದ ಶಿವಪ್ಪ ಮಾಸ್ತರರು, ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾದವರು. ಮುದ್ದೇಬಿಹಾಳದಿಂದ ಶಾಂತಕ್ಕ, ಅಂಗನವಾಡಿ ಗೋಡೆಗಳ ಮೇಲೆ ನವಿಲು, ಮಾವಿನಹಣ್ಣು ಬರೆದು ಹೆಸರಾದವಳು. ಬಸವನ ಬಾಗೇವಾಡಿಯ ಬಸಲಿಂಗ ನಮ್ಮೆಲ್ಲರಿಗಿಂತ ಸಣ್ಣವನು. ದೇವರ ಮೂರ್ತಿಗಳಿಗೆ ಬಣ್ಣ ಹಚ್ಚುತ್ತಾನೆ, ಮನೆಯಲ್ಲಿ ಎತ್ತುಗಳನ್ನೂ ಸಾಕಿದ್ದಾನೆ. ನಾಲ್ಕನೆಯವನು ನಾನು. ತಿಂಗಳಿಗೊಮ್ಮೆ ಒಬ್ಬೊಬ್ಬರ ಊರಲ್ಲಿ ಸೇರಿ, ಯಾರದ್ದಾದರೂ ಒಂದು ಚಿತ್ರವನ್ನು ಗೋಡೆಗೆ ಆನಿಸಿ ಇಡುತ್ತೇವೆ. ಬರೆದವನು ತನ್ನ ಚಿತ್ರಕ್ಕೆ ಬೆನ್ನು ಕೊಟ್ಟು ಕೂಡಬೇಕು. ಉಳಿದ ಮೂವರು ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡಬೇಕು. ಎಲ್ಲರದ್ದೂ ಮುಗಿಯುವವರೆಗೆ ಅವನು ಬಾಯಿ ತೆಗೆಯುವ ಹಾಗಿಲ್ಲ. ಈ ಪದ್ಧತಿ ಹಾಕಿಕೊಟ್ಟವರು ಮಾಸ್ತರರು. "ಬರದಾಂವ ಚಿತ್ರಾ ನೋಡಕೋತ ಕುಂತ್ರ ವಕೀಲಕಿ ಮಾಡಾಕ ಸುರು ಮಾಡ್ತಾನ. ನೋಡೋರ ಮಾರಿ ನೋಡ್ಲಿ, ಸಾಕು" ಎನ್ನುತ್ತಿದ್ದರು. ನನ್ನಂಥ ಚೌಕಾಸಿ ಮಾಡುವವನಿಗೆ ಬಾಯಿ ಮುಚ್ಚಿ ಕೂಡುವುದು ದೊಡ್ಡ ಶಿಕ್ಷೆ. ಆದರೆ ಗಿರಾಕಿ ಹಣ ಕೊಡುವ ಮೊದಲೇ ತಪ್ಪು ಗೊತ್ತಾಗುವುದರಿಂದ ಲಾಭವೇ ಅಂತ ಒಪ್ಪಿಕೊಂಡಿದ್ದೆ.

ಆ ಬೇಸಿಗೆಯಲ್ಲಿ ಕನ್ನೊಳ್ಳಿಯ ಮಲ್ಲಪ್ಪ ಎಂಬ ರೈತ ಅಂಗಡಿಗೆ ಬಂದ. ಮೂವತ್ತೈದರ ಆಸುಪಾಸಿನ ಮನುಷ್ಯ. ಹೊಲದಲ್ಲಿ ಹೊಸ ಮನೆ ಕಟ್ಟಿಸಿದ್ದ, ಮನೆಒಕ್ಕಲು ಹತ್ತಿರ ಬಂದಿತ್ತು. ದೊಡ್ಡ ಚಿತ್ರ ಬೇಕೆಂದ. ನಾನು ಮಾಮೂಲಿ ಮಾಲು ತೋರಿಸಿದೆ: ಜಲಪಾತ, ಕುದುರೆ, ಸೂರ್ಯಾಸ್ತ.

"ಅವೆಲ್ಲಾ ಬ್ಯಾಡ್ರಿ. ನಮ್ಮ ಕೊಟಗಿ ಬರದು ಕೊಡ್ರಿ."

"ಯಾವ ಕೊಟಗಿ?"

"ದನಾ ಕಟ್ಟೂದು. ಈಗಿಲ್ಲ. ಸುಟ್ಟು ಹೋಗೇತಿ."

ಜಾಗ ನೋಡಿ ಹೇಳುತ್ತೇನೆ ಎಂದು ಮರುದಿನ ಅವನ ಗಾಡಿಯ ಹಿಂದೆ ಕೂತು ಹೋದೆ.

ಹೊಸ ಮನೆ ಚೆನ್ನಾಗಿತ್ತು. ಬಾಗಿಲಿಗೆ ಎದುರಾದ ಗೋಡೆ ಅಗಲವಾಗಿ ಖಾಲಿ ಬಿದ್ದಿತ್ತು. ಗೋಡೆ ಅಳೆಯುತ್ತಿದ್ದಾಗ ಹೊರಗೆ ಹಳೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ನಮ್ಮ ಕಡೆ ಬೆನ್ನು ಮಾಡಿ ಜೋಳ ಹಸನು ಮಾಡುವುದು ಕಂಡಿತು. ಅವನ ತಾಯಿ, ಗುರವ್ವ. ಮಲ್ಲಪ್ಪ ನನ್ನನ್ನು ಬಾವಿಯ ಹತ್ತಿರ ಕರೆದೊಯ್ದು ಕುಕ್ಕರಗಾಲಲ್ಲಿ ಕೂತ. ನಾನೂ ಪಕ್ಕದಲ್ಲಿ ಕೂತೆ.

"ಮನಿ ಕಟ್ಟಿದ್ದು ಕೊಟಗಿ ಪಾಯಾದ ಮ್ಯಾಲ" ಎಂದ. "ಅವ್ವ ಒಳಗ ಕಾಲಿಡಂಗಿಲ್ಲ ಅಂತಾಳ. ಅಲ್ಲಿ ನನ್ನ ಮಗ ಅದಾನ, ಅವನ ಮ್ಯಾಲ ನಾ ಹ್ಯಾಂಗ ನಡೀಲಿ ಅಂತಾಳ."

ಅವನ ಅಣ್ಣ ಸಿದ್ದಪ್ಪ. ಮೀಸೆ ಚಿಗುರುವ ವಯಸ್ಸು. ಮೂವತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೊಟ್ಟಿಗೆಗೆ ಬೆಂಕಿ ಬಿತ್ತು. ಕಲ್ಲಿನ ಗೋಡೆ, ಮೇಲೆ ಮೇವಿನ ಅಟ್ಟ, ಅದರ ಮೇಲೆ ಕಣಕಿಯ ಹೊದಿಕೆ. ಕಣಕಿ ಎಂದರೆ ಒಣಗಿದ ಜೋಳದ ದಂಟು; ಹತ್ತಿಕೊಂಡರೆ ನಿಲ್ಲುವ ಮಾತೇ ಇಲ್ಲ. ಹಾಲು ಕೊಡುವ ಎಮ್ಮೆ ಮೇಯಲು ಹೋಗಿತ್ತು. ಒಳಗಿದ್ದ ಎರಡೂ ಎತ್ತು ಹೊರಗೆ ಬಂದವು, ಸಿದ್ದಪ್ಪ ಬರಲಿಲ್ಲ. ಹುಡುಗ ಕದ್ದು ಬೀಡಿ ಸೇದಿ ಅಲ್ಲೇ ಮಲಗಿಬಿಟ್ಟಿದ್ದ, ಬೆಂಕಿ ಅವನಿಂದಲೇ ಬಿತ್ತು, ಎತ್ತುಗಳು ಹೆದರಿ ಹಗ್ಗ ಹರಿದುಕೊಂಡು ಬಂದವು ಎಂದು ಊರು ಮಾತಾಡಿಕೊಂಡಿತು. ಆ ಮಾತು ಹಾಗೇ ನಿಂತಿತು.

"ನೀವು ಏನಂತೀರಿ?" ಎಂದು ಕೇಳಿದೆ.

"ನಾ ಏನನ್ಲಿ. ಸಣ್ಣಾಂವ ಇದ್ದೆ. ಇಲ್ಲೇ ನಿಂತಿದ್ದೆ, ಈ ಬಾವಿ ಕಡೆ. ಕಾಲ ಕಿತ್ತು ಮುಂದ ಇಡಾಕ ಆಗಲಿಲ್ಲ." ಹೊಸ ಮನೆಯ ಕಡೆ ಕೈ ತೋರಿಸಿ, "ಕೊಟಗಿ ಗ್ವಾಡಿ ಮ್ಯಾಲರ ಇದ್ರ ಅವ್ವ ಒಳಗ ಬಂದಾಳು ಅಂತ. ಸಂಜಿಮುಂದ ಹಾಲು ಹಿಂಡಾಕ ಹೋಕ್ಕಿದ್ಲು. ಆ ಹೊತ್ತಿಂದು ಬರೀರಿ" ಎಂದ.

ಮನೆಒಕ್ಕಲಿನ ದಿನ ತಾಯಿ ಹೊಸ್ತಿಲು ದಾಟದಿದ್ದರೆ ತಾನೂ ಆ ಮನೆಯಲ್ಲಿ ದೀಪ ಹಚ್ಚುವುದಿಲ್ಲ, ಬೀಗ ಹಾಕಿ ಹಳೆಯ ಮನೆಯಲ್ಲೇ ಇದ್ದುಬಿಡುತ್ತೇನೆ ಎಂದೂ ಹೇಳಿದ. ಗಿರಾಕಿಗಳು ಬೇರೆ ಬೇರೆ ಆಸೆ ಹೊತ್ತು ಬರುತ್ತಾರೆ. ಇಷ್ಟು ದೊಡ್ಡದನ್ನು ಒಂದು ಚಿತ್ರದ ಮೇಲೆ ಹೊರಿಸಿದವನನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವತ್ತು ರೇಟಿನ ಮಾತು ನನ್ನ ಬಾಯಿಂದ ಬರಲಿಲ್ಲ, ಅದೇ ಒಂದು ವಿಚಿತ್ರ. ಅಲ್ಲೇ ಕೂತು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಒಂದು ಮದುವೆ ಫೋಟೋದ ಅಂಚಿನಲ್ಲಿ ಕೊಟ್ಟಿಗೆಯ ಮುಖ ಸಿಕ್ಕಿತು. ಉಳಿದದ್ದನ್ನು ಅವನು ಬಾಯಿಂದ ಹೇಳಿದ.

ಚಿತ್ರ ಬೇಗ ಮೂಡಿತು. ಪೂರ್ವಕ್ಕೆ ಬಾಗಿಲು, ಹಿಂದಿನ ಗೋಡೆಗೆ ಒಂದು ಬೆಳಕಿಂಡಿ. ಮುಳುಗುವ ಸೂರ್ಯನ ಬೆಳಕು ಆ ಕಿಂಡಿಯಿಂದ ಒಳಗೆ ಬಿದ್ದು, ಮೇವಿನ ಧೂಳಿನಲ್ಲಿ ಹರಡಿ, ಬಾಗಿಲಲ್ಲಿ ಮೆಲ್ಲಗೆ ಕೆಂಪಾಗಿ ಕಾಣುವಂತೆ ಮಾಡಿದೆ. ಬಾಗಿಲ ಪಕ್ಕದ ಗೂಟಕ್ಕೆ ಒಂದು ಬಿಳಿ ಎತ್ತು ಕಟ್ಟಿದೆ, ಕಂದು ಬಣ್ಣದ ಇನ್ನೊಂದರ ಬೆನ್ನು ಒಳಗಿನಿಂದ ಅರ್ಧ ಕಾಣುವಂತೆ ಬರೆದೆ. ನನ್ನ ಕೈಯಿಂದ ಬಂದ ಚಿತ್ರಗಳಲ್ಲಿ ಇದೇ ಒಳ್ಳೆಯದು ಅನ್ನಿಸಿತು. ಆದರೂ ಆ ಕೋಣೆಯ ಕಸ ಗುಡಿಸಲು ನನ್ನ ಹೆಂಡತಿ ಹಿಂದೆಮುಂದೆ ನೋಡತೊಡಗಿದಳು. ಯಾಕೆ ಅಂದರೆ, "ಅದನ್ನ ಗ್ವಾಡಿ ಕಡೆ ತಿರುವಿ ಇಡ್ರಿ, ಆಮ್ಯಾಲ ಗುಡಸ್ತೇನಿ" ಎಂದಳು.

ಆ ತಿಂಗಳ ಬೈಠಕ್ ಬಸವನ ಬಾಗೇವಾಡಿಯಲ್ಲಿ, ಬಸಲಿಂಗನ ಶೆಡ್ಡಿನಲ್ಲಿ. ಚಿತ್ರಕ್ಕೆ ಬೆಡ್‌ಶೀಟ್ ಸುತ್ತಿ ಬಸ್ ಹತ್ತಿದೆ. ಕಂಡಕ್ಟರ್ ತಡೆದ.

"ಇದೇನ್ರಿ, ಬಾಗಲಾ?"

"ಬಾಗಲಾ ಅಲ್ಲಪಾ, ದನದ ಕೊಟಗಿ."

"ಹಂಗಾರ ಲಗೇಜ್ ಬ್ಯಾರೆ, ಎತ್ತಿನ ಟಿಕೆಟ್ ಬ್ಯಾರೆ."

"ಎತ್ತು ನಿಂತ ಬರ್ತಾವು, ಸೀಟ್ ಕೇಳಂಗಿಲ್ಲ. ಅರ್ಧಾ ಹಿಡಿ" ಎಂದು ಒಪ್ಪಿಸಿದೆ. ಬಸ್ಸಿನವರೆಲ್ಲ ನಕ್ಕರು. ಆ ದಿನ ನಾನು ನಕ್ಕದ್ದು ಅದೊಂದೇ ಸಲ.

ಬಸಲಿಂಗನ ಶೆಡ್ಡಿನಲ್ಲಿ ಅರ್ಧ ಬಣ್ಣ ಹಚ್ಚಿದ ನಂದಿಗಳ ನಡುವೆ ಚಿತ್ರ ಆನಿಸಿ, ಬೆಡ್‌ಶೀಟ್ ತೆಗೆದು, ಬೆನ್ನು ಕೊಟ್ಟು ಕೂತೆ. ಕೈಯಲ್ಲಿ ಚಹಾ. ಬೆಂಕಿಯ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ. ಗಿರಾಕಿಯ ಮನೆಯ ಮಾತು ಹೊರಗೆ ಆಡಬಾರದು ಎಂಬುದು ನನ್ನ ನಿಯಮ. ಅವರಿಗೆ ಗೊತ್ತಿದ್ದದ್ದು ಇಷ್ಟೇ: ಒಂದು ಹಳೆಯ ಕೊಟ್ಟಿಗೆ, ಹೊಸ ಮನೆಗೆ.

ಎದುರಿಗೆ ಮೂರು ಮುಖ. ಬಸಲಿಂಗ ಅಗಿಯುತ್ತಿದ್ದ ಅಡಿಕೆಯನ್ನು ಹಾಗೇ ನಿಲ್ಲಿಸಿದ. ಶಾಂತಕ್ಕ ಸೆರಗಿನ ತುದಿಯನ್ನು ಮೂಗಿನ ಹತ್ತಿರ ಒಯ್ದಳು. ಅದು ಅವಳಿಗೇ ಗೊತ್ತಾಗಲಿಲ್ಲ. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಿರುಗಿ ನೋಡಬೇಕೆಂದು ನನ್ನ ಕತ್ತು ತುಡಿಯುತ್ತಿತ್ತು. ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ, ಅದು ನನಗೊಬ್ಬನಿಗೆ ಕಾಣುತ್ತಿಲ್ಲ ಅನ್ನಿಸಿತು.

ಮಾಸ್ತರರು ಸುರು ಮಾಡಿದರು. "ಪೇಂಟರ್ ಸಂಜಿ ಬರದಾನ. ಆದ್ರ ಇದು ಸಂಜಿ ಬೆಳಕಲ್ಲ. ಒಳಗ ಏನೋ ಉರಿಯಾಕತ್ತೈತಿ."

ನಾನು ಚಹಾ ನೆಲಕ್ಕಿಟ್ಟೆ.

"ನನಗೂ ಹಂಗ ಕಾಣಸ್ತು" ಎಂದಳು ಶಾಂತಕ್ಕ. "ಇನ್ನೊಂದು ಐತ್ರಿ. ಇದನ್ನ ನೋಡೋರ ಕಣ್ಣು ಎಲ್ಲೈತಿ ಅಂತ ನೋಡ್ರಿ. ಭಾಳ ಕೆಳಗ ಐತಿ. ದೊಡ್ಡವರು ನಿಂತು ನೋಡಿದಂಗ ಇಲ್ಲ. ಸಣ್ಣ ಹುಡುಗ ಒಬ್ಬಾಂವ ದೂರ ನಿಂತು ನೋಡಾಕತ್ತಾನ. ಮುಂದ ಬರಾಕ ಅಂಜ್ಯಾನ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ದೃಶ್ಯಚಿತ್ರದಲ್ಲೂ ಐ ಲೆವೆಲ್ ಎಂಬ ಒಂದು ಗೆರೆ ಅಡಗಿರುತ್ತದೆ. ನೋಡುವವನ ಕಣ್ಣಿನ ಎತ್ತರ ಅದು. ನಾನು ಬಾವಿಯ ಹತ್ತಿರ ಮಲ್ಲಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು ಗುರುತು ಹಾಕಿಕೊಂಡಿದ್ದೆ. ಕೂತ ದೊಡ್ಡವನ ಕಣ್ಣೂ ನಿಂತ ಸಣ್ಣ ಹುಡುಗನ ಕಣ್ಣೂ ಒಂದೇ ಎತ್ತರಕ್ಕೆ ಬರುತ್ತವೆ. ಅಂದರೆ ನಾನು ಬರೆದದ್ದು ಹಾಲು ಹಿಂಡುವ ಸಂಜೆಯನ್ನಲ್ಲ. ಮೂವತ್ತು ವರ್ಷದ ಹಿಂದಿನ ಆ ಮಧ್ಯಾಹ್ನ, ಆ ಹುಡುಗ ನಿಂತ ಜಾಗದಿಂದಲೇ, ನನಗೆ ಗೊತ್ತಿಲ್ಲದೆ ಕ್ಯಾನ್ವಾಸಿಗೆ ಇಳಿದಿತ್ತು. ಇದನ್ನು ಅವ್ವನ ಎದುರು ತೂಗುಹಾಕಲು ಹೊರಟಿದ್ದೆವು.

ಕೊನೆಗೆ ಬಸಲಿಂಗ. "ಎತ್ತಿನ ಹಗ್ಗಕ್ಕ ಹಾಕಿದ ಗಂಟು ನೋಡ್ರಿ. ಇದು ಪೇಂಟರ್ ಗಂಟು, ಮ್ಯಾಲ ಹತ್ತಿ ಬೋರ್ಡ್ ಬರಿಯೋರು ಸೊಂಟಕ್ಕ ಕಟಗೊಳ್ಳೋದು. ಎತ್ತಿಗಿ ಇದನ್ನ ಯಾರೂ ಹಾಕಂಗಿಲ್ಲ. ಹೊತ್ತು ಬಂದಾಗ ಬಿಚ್ಚಾಕ ಬರಂಗಿಲ್ಲ, ಕಟ್ಟಿದಲ್ಲೇ ಸಾಯ್ತೈತಿ."

ನಿಜ. ಜೀವಮಾನವೆಲ್ಲ ಕಟ್ಟಿಗೆ ಕಟ್ಟಿದ ಪರಾಂಚಿಯ ಮೇಲೆ ಎತ್ತರದಲ್ಲಿ ನಿಂತು ಬೋರ್ಡು ಬರೆದವನ ಕೈಗೆ ಬಿಚ್ಚದ ಗಂಟೇ ರೂಢಿ. ಗಂಟು ಬಿಚ್ಚಿದರೆ ನಾವು ಸಾಯುತ್ತೇವೆ. ದನ ಕಟ್ಟುವವರು ಹಾಕುವುದು ಜೀರಗುಣಿಕೆ. ಎತ್ತು ಎಷ್ಟು ಎಳೆದರೂ ಬಿಗಿಯುತ್ತದೆ, ಮನುಷ್ಯ ಬಿಟ್ಟ ತುದಿ ಹಿಡಿದು ಒಮ್ಮೆ ಜಗ್ಗಿದರೆ ಸರ್ರನೆ ಬಿಚ್ಚುತ್ತದೆ. ಬಸಲಿಂಗ ಅಲ್ಲೇ ಒಂದು ದಾರ ತೆಗೆದು ನಂದಿಯ ಕೊರಳಿಗೆ ಹಾಕಿ ತೋರಿಸಿದ.

ನನ್ನ ಸರದಿ ಬಂದಾಗ ಗಿರಾಕಿಯ ಮನೆಯ ಮಾತು ಆಡಬಾರದೆಂಬ ನಿಯಮ ಮುರಿದು ಎಲ್ಲ ಹೇಳಿಬಿಟ್ಟೆ. ಆಮೇಲೆ ಮಾಸ್ತರರು, "ಕಿವಿಯಿಂದ ಕೇಳಿದ್ದು ಕೈಗೆ ಇಳದೈತಿ, ದಸ್ತಗೀರ. ನಿನ್ನ ತಪ್ಪಲ್ಲ. ಆದ್ರ ಇದನ್ನ ಹಿಂಗ ಕೊಡಬ್ಯಾಡ" ಎಂದರು.

ಏನು ಮಾಡಬೇಕೆಂದು ಮೂವರೂ ಕೂತು ತೀರ್ಮಾನಿಸಿದರು. ಸಂಜೆ ತೆಗೆದು ಬೆಳಗು ಮಾಡುವುದು. ಬೆಳಕು ಒಳಗಿನಿಂದ ಹೊರಗೆ ಬರುವ ಬದಲು ಹೊರಗಿನಿಂದ ಒಳಗೆ ಹೋಗಲಿ. ನೋಡುವ ಕಣ್ಣನ್ನು ಮೇಲೆತ್ತಿ, ಬಾವಿಯಿಂದ ಬಿಡಿಸಿ, ಬಾಗಿಲ ಹತ್ತಿರಕ್ಕೆ ತರುವುದು. ಎತ್ತುಗಳು ಅಂಗಳದಲ್ಲಿ ಕಟ್ಟಿಲ್ಲದೆ ನಿಂತಿರಲಿ.

"ಹೊಸಾ ಕ್ಯಾನ್ವಾಸ್ ತಗೊ" ಎಂದರು ಮಾಸ್ತರರು. "ಇದರ ಮ್ಯಾಲ ಬರದ್ರ ವರ್ಷ ಹೋದಂಗ ಮ್ಯಾಲಿನ ಬಣ್ಣ ತೆಳ್ಳಗಾಗಿ ಕೆಳಗಿಂದು ಹಣಿಕಿ ಹಾಕ್ತೈತಿ."

"ಅಷ್ಟ ದೊಡ್ಡ ಕ್ಯಾನ್ವಾಸ್ ಬಿಸಾಕಂದ್ರ ಹ್ಯಾಂಗ್ರಿ ಮಾಸ್ತರ್" ಎಂದೆ. ಶಾಂತಕ್ಕ ನನ್ನನ್ನು ನೋಡಿ, "ದಸ್ತಗೀರಣ್ಣ ಹೆಣಕ್ಕ ಹೊಚ್ಚೋ ಕಫನಕ್ಕೂ ಚೌಕಾಸಿ ಮಾಡಾಂವ" ಎಂದಳು. ಮಾತು ನಗೆಯದ್ದೇ, ಆದರೆ ಆ ಶೆಡ್ಡಿನಲ್ಲಿ ಯಾರೂ ನಗಲಿಲ್ಲ.

ಹಳೆಯ ಕ್ಯಾನ್ವಾಸಿನ ಮೇಲೇ ಬರೆದೆ. ಕೊಟ್ಟಿಗೆ ದೊಡ್ಡದಾಯಿತು, ಬಾಗಿಲು ಕ್ಯಾನ್ವಾಸಿನ ನಡುವಿಗೆ ಬಂತು, ಬೆಳಗಿನ ಬೆಳಕು ಒಳಗೆ ಮೇವು ಹಾಕುವ ಕಲ್ಲಿನ ಗೋದಲಿಯವರೆಗೆ ಹೋಯಿತು. ಕೆಂಪಿನ ಮೇಲೆ ತಣ್ಣಗಿನ ಬೂದುನೀಲಿ ಹಚ್ಚಿದೆ. ಒಮ್ಮೆ ಹಚ್ಚಿದರೆ ಮುಚ್ಚಲಿಲ್ಲ. ಇನ್ನೊಮ್ಮೆ ದಪ್ಪಗೆ ಹಚ್ಚಿದೆ. ಬ್ರಶ್ ತೊಳೆದರೆ ನೀಲಿಯ ಹಿಂದೆ ಕೆಂಪು ಹರಿಯುತ್ತಿತ್ತು, ಒಣಗಿದ ಬಣ್ಣ ಹಾಗೆ ಬಿಡಬಾರದು. ಯಾಕೆ ಬಿಟ್ಟಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಎತ್ತುಗಳನ್ನು ಬರಿಗೊರಳಲ್ಲಿ ಅಂಗಳದ ನೀರಿನ ಡೋಣಿಯ ಹತ್ತಿರ ನಿಲ್ಲಿಸಿದೆ. ಬಸಲಿಂಗ ಕಲಿಸಿದ ಜೀರಗುಣಿಕೆಯನ್ನು ಚೆಂದಾಗಿ ಬರೆದು, ಎರಡೂ ಹಗ್ಗ ಗೋದಲಿಗೆ ಹೊಡೆದ ಕಬ್ಬಿಣದ ಬಳೆಯಿಂದ ಜೋತುಬಿಟ್ಟಂತೆ ಮಾಡಿದೆ. ಮನೆಒಕ್ಕಲು ಎದುರಿಗೇ ಇತ್ತು. ಎರಡನೇ ಸಲ ಗುಂಪಿಗೆ ತೋರಿಸುವಷ್ಟು ಪುರಸೊತ್ತು ಇಲ್ಲ, ಮೂವರ ಮಾತೂ ಕೇಳಿದ್ದೇನಲ್ಲ, ಇನ್ನೇನು ಎಂದುಕೊಂಡೆ. ಬಾಗಿಲ ಮೇಲಿನ ಭಾಗ ಇನ್ನೂ ಹಸಿ ಇರುವಾಗಲೇ ಕನ್ನೊಳ್ಳಿಗೆ ಒಯ್ದೆ.

ಮನೆಒಕ್ಕಲಿನ ಬೆಳಗ್ಗೆ ಚಿತ್ರವನ್ನು ಬಾಗಿಲಿಗೆ ಎದುರಾಗಿ ತೂಗುಹಾಕಿದೆವು, ಮೆಟ್ಟಿಲ ಮೇಲೆ ನಿಂತರೆ ಪೂರಾ ಕಾಣುವಂತೆ. ಮಲ್ಲಪ್ಪ ತಾಯಿಯ ಕೈ ಹಿಡಿದು ಕರೆತಂದ. ಮೆಟ್ಟಿಲು ಹತ್ತಿ ಹೊಸ್ತಿಲ ಹೊರಗೆ ಗುರವ್ವ ನಿಂತುಬಿಟ್ಟಳು. ಒಳಗೆ ನಾನೊಬ್ಬನೇ, ಚಿತ್ರದ ಪಕ್ಕ. ರೂಢಿಯಂತೆ ಚಿತ್ರಕ್ಕೆ ಬೆನ್ನು ಮಾಡಿ ಆಕೆಯ ಮುಖ ನೋಡತೊಡಗಿದೆ.

ಮುದುಕಿ ಅಳಲಿಲ್ಲ. ಬಾಗಿಲು, ಗೋಡೆ, ಅಟ್ಟ, ಎತ್ತು, ಹೀಗೆ ಆಕೆಯ ಕಣ್ಣು ಒಂದೊಂದನ್ನೇ ಮುಟ್ಟುತ್ತ ಬಂತು. ಗೋದಲಿಗೆ ಬಂದದ್ದೇ ಹುಬ್ಬು ಗಂಟಾಯಿತು.

"ಇದನ್ನ ಬರದಾಂವ ಯಾರು?"

"ನಾನ, ಯವ್ವಾ."

"ಹಗ್ಗ ತಪ್ಪ ಬರದಿ, ತಮ್ಮಾ."

"ಗಂಟು ಜೀರಗುಣಿಕಿನ ಹಾಕೀನಿ, ಯವ್ವಾ."

"ಗಂಟು ಬರೋಬರಿ ಐತಿ. ಹಗ್ಗ ಅಲ್ಯಾಕ ಜೋತಬಿದ್ದೈತಿ? ಹಗ್ಗ ಎತ್ತಿನ ಕೂಡ ಹೋಗಿತ್ತು."

ಮಲ್ಲಪ್ಪ ಮೆಲ್ಲಗೆ, "ಹರಕೊಂಡು ಬಂದಿದ್ವಲ್ಲ ಬೇ, ತುಂಡ ಅಲ್ಲೇ ಉಳದಿರತೈತಿ" ಎಂದ.

"ಯಾರ ಹೇಳಿದ್ರು ಹರಕೊಂಡು ಬಂದ್ವಂತ? ಬಾವಿ ಕಡೆ ಬಂದಾಗ ಎರಡೂ ಎತ್ತು ಹಿಡದಾಕಿ ನಾನು. ಇಷ್ಟುದ್ದ ಹಗ್ಗ ನೆಲದ ಮ್ಯಾಲ ಎಳಕೋತ ಬಂದಿದ್ವು. ತುದಿ ಹರದಿದ್ದಿಲ್ಲ, ಸುಟ್ಟಿದ್ದಿಲ್ಲ. ಜಗ್ಗಿ ಬಿಚ್ಚಿದ ಹಗ್ಗ ಅದು." ಆಕೆಯ ಧ್ವನಿ ಏರಲಿಲ್ಲ. "ಎತ್ತು ತಮ್ಮ ಗಂಟು ತಾವ ಬಿಚಗೋತಾವೇನು? ಮಲಗಿದಾಂವ ಬಿಚ್ಚತಾನೇನು? ನನ್ನ ಸಿದ್ದಪ್ಪ ಎರಡೂ ಬಿಚ್ಯಾನ. ಮೊದಲ ಒಂದು, ಆಮ್ಯಾಲ ಒಂದು."

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ ಬೇ?"

"ಹೇಳಿದ್ನೋ. ಆವತ್ತ ಹೇಳಿದ್ದೆ. ಎದಿ ಬಡಕೊಳ್ಳಾಕಿ ಹಗ್ಗದ ಮಾತ ಆಡಿದ್ರ ತಲಿ ಕೆಟ್ಟೈತಿ ಅಂದ್ರು."

ಹೀಗೆ ಹೇಳುತ್ತಲೇ ಆಕೆ ಚಿತ್ರದ ಎದುರಿಗೆ ಬಂದು ನಿಂತಿದ್ದಳು. ಹೊಸ್ತಿಲು ಯಾವಾಗ ದಾಟಿದಳೋ ಆಕೆಗೇ ಅರಿವಿರಲಿಲ್ಲ. ಮಲ್ಲಪ್ಪ ಬಾಯಿ ತೆರೆದ. ನಾನು ಕೈ ಎತ್ತಿ ಸುಮ್ಮನಿರು ಅಂದೆ. ಚೀಲದಿಂದ ಬಣ್ಣ ತೆಗೆದು, "ಎಲ್ಲಿ ಬರೀಲಿ, ತೋರಸ್ರಿ ಯವ್ವಾ" ಎಂದೆ.

ಗುರವ್ವ ನೆಲದ ಮೇಲೆ ಕೂತು ಒಂದೊಂದೇ ಹೇಳಿದಳು. ಗೋದಲಿಯ ಬಳೆ ಖಾಲಿ ಮಾಡಿಸಿದಳು. ಬಿಳಿ ಎತ್ತಿನ ಹಗ್ಗ ಎಡಕ್ಕೆ, ಕಂದು ಎತ್ತಿನ ಹಗ್ಗ ಕಾಲ ನಡುವೆ, ಮಣ್ಣಿನ ಮೇಲೆ ಹಾವಿನಂತೆ ಗೆರೆ ಮೂಡಿಸುತ್ತ. "ತುದಿ ಪೂರಾ ಇರ್ಲಿ" ಎಂದು ಎರಡು ಸಲ ಹೇಳಿದಳು. ಬಾಗಿಲು ತೋರಿಸಲು ಹೋದಾಗ ಆಕೆಯ ಬೆರಳು ಹಸಿ ಬಣ್ಣಕ್ಕೆ ತಾಗಿ, ಬೂದುನೀಲಿ ಅಷ್ಟು ಒರೆಸಿಹೋಯಿತು. ಅದರ ಕೆಳಗಿನ ಕೆಂಪು ಹೊರಗೆ ಬಂತು.

"ಮುಚ್ಚತೇನಿ ಯವ್ವಾ, ಈಗ ಮುಚ್ಚತೇನಿ" ಎಂದು ಬ್ರಶ್ ಎತ್ತಿದೆ.

ಆಕೆ ತನ್ನ ಬೆರಳ ತುದಿ ನೋಡಿಕೊಂಡಳು, ಆಮೇಲೆ ಬಾಗಿಲನ್ನು. "ಇರ್ಲಿ ಬಿಡು. ಅದು ಅಲ್ಲಿದ್ದದ್ದ ಐತಿ" ಎಂದಳು. ಮಗನ ಕಡೆ ತಿರುಗಿ, "ದೀಪ ಹಚ್ಚೋ, ಹೊತ್ತ ಹೊಂಟೈತಿ" ಎಂದಳು.

ಈ ಕೆಲಸ ನನಗೆ ಕಲಿಸಿದ್ದನ್ನು ಕಸುಬಿನವರಿಗೆ ಹೇಳಬೇಕು. ನಿಮ್ಮ ಚಿತ್ರವನ್ನು ನಾಲ್ಕು ಜನರ ಮುಂದೆ ಇಡಿ, ಬೆನ್ನು ಕೊಟ್ಟು ಕೂಡಿ. ತಪ್ಪು ಹೇಳಿದವರ ಜೊತೆ ವಾದ ಬೇಡ. ಅವರಿಗೆ ಏನು ಕಂಡಿತು ಎಂದು ಮಾತ್ರ ಕೇಳಿ. ತಿದ್ದಿದ ಮೇಲೆ ಮತ್ತೊಮ್ಮೆ ತೋರಿಸಿ, ನನ್ನ ಹಾಗೆ ಅವಸರ ಮಾಡಬೇಡಿ. ನಾನು ಆ ಎರಡನೇ ಸುತ್ತು ಬಿಟ್ಟದ್ದರಿಂದ ಒಳ್ಳೆಯದೇ ಆಯಿತಲ್ಲ ಎಂದು ಬಸಲಿಂಗ ಕೆಣಕುತ್ತಾನೆ. ತಾನು ನೋಡಿದ್ದರೆ ಹಗ್ಗವನ್ನು ಬಾಗೇವಾಡಿಯಲ್ಲೇ ಸರಿ ಮಾಡಿಸುತ್ತಿದ್ದೆ, ಆ ಮುದುಕಿಗೆ ತಿದ್ದಲು ಏನೂ ಉಳಿಯುತ್ತಿರಲಿಲ್ಲ ಎನ್ನುತ್ತಾನೆ.

ಕನ್ನೊಳ್ಳಿ ಕಡೆ ಹೋದಾಗಲೆಲ್ಲ ಆ ಮನೆಗೆ ಹೋಗುತ್ತೇನೆ. ಸಂಜೆಯ ಹೊತ್ತು ಗುರವ್ವ ಚಿತ್ರದ ಎದುರಿಗೆ ಕೂತಿರುತ್ತಾಳೆ. ಬಾಗಿಲ ಮೇಲಿನ ಆ ಕೆಂಪು ಮೊದಲು ಬೆರಳಗಲ ಇತ್ತು. ಈಗ ಅಂಗೈಯಗಲ ಆಗಿದೆ ಅನ್ನಿಸುತ್ತದೆ. ಮಾಸ್ತರರು ಹೇಳಿದಂತೆ ಮೇಲಿನ ಬಣ್ಣ ತೆಳ್ಳಗಾಗುತ್ತಿದೆಯೋ, ನನ್ನ ಕಣ್ಣಿಗೆ ಹಾಗೆ ಕಾಣುತ್ತದೆಯೋ ಗೊತ್ತಿಲ್ಲ. ಅಳೆದು ನೋಡಲು ಧೈರ್ಯ ಆಗುವುದಿಲ್ಲ. ಚಹಾ ಬರುತ್ತದೆ. ನಾನು ಚಿತ್ರಕ್ಕೆ ಬೆನ್ನು ಕೊಟ್ಟು ಕೂತು, ಆಕೆಯ ಮುಖ ನೋಡುತ್ತೇನೆ.